ಕಣ್ಣು ಸರಿಯಿದೆ, ಆದರೂ ಕಾಣುತ್ತಿಲ್ಲ: ತಪ್ಪಿದ್ದೆಲ್ಲಿ?

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ ನಾಲ್ಕು ತಿಂಗಳು. ಶಾಲೆಯ ತಪಾಸಣೆಯಲ್ಲಿ ಅವಳ ಎಡಗಣ್ಣು ಮಂದ ಎಂದು ಗೊತ್ತಾಯಿತು. ಹನಿ ಹಾಕಿ ಪರೀಕ್ಷಿಸಿದಾಗ ಬಲಗಣ್ಣಿಗೆ ಪ್ಲಸ್ 1, ಎಡಗಣ್ಣಿಗೆ ಪ್ಲಸ್ 5 ಪವರ್ ಬಂತು. ಕನ್ನಡಕ ಹಾಕಿದರೂ ಎಡಗಣ್ಣು 6/36 ದಾಟುತ್ತಿಲ್ಲ, ಬಲಗಣ್ಣು 6/6 ಇದೆ. “ಕಣ್ಣಿನಲ್ಲಿ ದೋಷವಿಲ್ಲ, ಮೆದುಳು ಅದನ್ನು ಬಳಸಲು ಕಲಿತಿಲ್ಲ. ನಾಲ್ಕು ತಿಂಗಳು ಕನ್ನಡಕ ಹಾಕಲಿ, ಆಮೇಲೆ ಒಳ್ಳೆಯ ಕಣ್ಣಿಗೆ ಪ್ಯಾಚ್ ಅಂಟಿಸಿ ಮುಚ್ಚುವ ವಿಚಾರ ನೋಡೋಣ” ಎಂದರು ಡಾಕ್ಟರು. ಮೆದುಳಿನ ಜೋಡಣೆ ಗರ್ಭದಲ್ಲೇ ಶುರುವಾಗುತ್ತದೆ ಎಂದು ಓದಿದ್ದೇನೆ. ಬಸುರಿಯಿದ್ದಾಗ ನನ್ನಿಂದೇನಾದರೂ ತಪ್ಪಾಯಿತೇ? ಏಳು ವರ್ಷ ದಾಟಿದರೆ ಏನೂ ಆಗದು ಅನ್ನುತ್ತಾರೆ. ಹಾಗಿರುವಾಗ ನಾಲ್ಕು ತಿಂಗಳು ಸುಮ್ಮನೆ ಕಳೆಯುವುದು ಸರಿಯೇ? ಚೆನ್ನಾಗಿರುವ ಕಣ್ಣನ್ನು ಮುಚ್ಚಿದರೆ ಅದೂ ಕೆಡುವುದಿಲ್ಲವೇ? ಎಂಟು ತಿಂಗಳ ಮಗನಿಗೆ ಕಪ್ಪು-ಬಿಳುಪು ಕಾರ್ಡುಗಳನ್ನು ತೋರಿಸುತ್ತಿದ್ದೇನೆ, ಅದರಿಂದ ಉಪಯೋಗವಿದೆಯೇ? ಮಕ್ಕಳ ತಂದೆಗೂ ಚಿಕ್ಕಂದಿನಿಂದ ಒಂದು ಕಣ್ಣು ಮಂದ. ಅವರಿಗೀಗ 36. ಅವರಿಗೇನಾದರೂ ದಾರಿ ಇದೆಯೇ?

ಉತ್ತರ: ಪ್ರಶ್ನೆಗಳು ಹಲವು, ಅಳುಕು ಒಂದೇ. ಮೆದುಳಿನ ಜೋಡಣೆಯೇ ತಪ್ಪಿಹೋಗಿದೆಯೇ, ತಪ್ಪಿದ್ದರೆ ಅದು ಹಾಗೇ ಗಟ್ಟಿಯಾಗಿಬಿಟ್ಟಿದೆಯೇ ಎಂಬುದು. ಎರಡಕ್ಕೂ ನನ್ನ ಉತ್ತರ “ಇಲ್ಲ” ಎಂದೇ. ನಿಮ್ಮ ಮಗಳ ಮೆದುಳು ತನಗೆ ಬಂದ ಸುದ್ದಿಗೆ ತಕ್ಕಂತೆ ಸರಿಯಾಗಿಯೇ ಕೆಲಸ ಮಾಡಿದೆ. ಒಂದು ಕಣ್ಣಿನಿಂದ ಬಂದ ಸುದ್ದಿ ಮಸುಕಾಗಿತ್ತು, ಅಷ್ಟೇ.

ಗರ್ಭದ ವಿಚಾರದಿಂದಲೇ ಶುರು ಮಾಡೋಣ, ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ. ಪ್ರತಿ ಕಣ್ಣಿನಿಂದ ಸುಮಾರು ಹತ್ತು ಲಕ್ಷ ನರತಂತುಗಳು ಹೊರಟು, ಮೆದುಳಿನ ನಡುವೆ ಥಲಾಮಸ್‌ನಲ್ಲಿರುವ ಒಂದು ನಿಲ್ದಾಣ ಸೇರುತ್ತವೆ. ಅಲ್ಲಿಂದ ಮುಂದಿನ ತಂತುಗಳು ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್‌ಗೆ, ಅಂದರೆ ನೋಟವನ್ನು ಅರ್ಥಮಾಡಿಕೊಳ್ಳುವ ಮೆದುಳಿನ ಹೊರಪದರಕ್ಕೆ ಹೋಗುತ್ತವೆ. ಯಾವ ತಂತು ಸುಮಾರಾಗಿ ಎಲ್ಲಿಗೆ ಹೋಗಬೇಕೆಂದು ರಾಸಾಯನಿಕ ಗುರುತುಗಳು ಹೇಳುತ್ತವೆ. ಇವು ಊರು, ಬೀದಿಯ ಮಟ್ಟದ ವಿಳಾಸ ಕೊಡಬಲ್ಲವು, ಮನೆ ನಂಬರ್ ಕೊಡಲಾರವು. ಆ ಕೊನೆಯ ಹಂತವನ್ನು ನರಕೋಶಗಳ ಮಿಡಿತವೇ, ಅಂದರೆ ಅವು ಹೊರಡಿಸುವ ವಿದ್ಯುತ್ ಸಂಕೇತವೇ ತಿದ್ದುತ್ತದೆ.

ಕಣ್ಣು ಬೆಳಕನ್ನೇ ಕಾಣದಿರುವಾಗ ಮಿಡಿತ ಎಲ್ಲಿಂದ ಬಂತು? ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ ತಾನಾಗಿಯೇ ಮಿಡಿಯುತ್ತದೆ. ಹುಟ್ಟುವ ಮೊದಲೇ ರೆಟಿನಾದ ಕೋಶಗಳು ತಾವಾಗಿ ಮಿಡಿಯುವುದನ್ನು 1988ರಲ್ಲಿ ಇಲಿಯ ಭ್ರೂಣದಲ್ಲಿ ಗಲ್ಲಿ ಮತ್ತು ಮಾಫೈ ಎಂಬ ವಿಜ್ಞಾನಿಗಳು ದಾಖಲಿಸಿದರು. ಆ ಮಿಡಿತ ಅಲೆಯಂತೆ ಹರಡುತ್ತದೆ ಎಂಬುದನ್ನು 1991ರಲ್ಲಿ ಕಾರ್ಲಾ ಶಾಟ್ಜ್ ಅವರ ತಂಡ ತೋರಿಸಿತು. ರೆಟಿನಾದ ಒಂದು ಜಾಗದಲ್ಲಿ ಕೆಲವು ಕೋಶಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಸುತ್ತವೆ, ಅಕ್ಕಪಕ್ಕದವು ಕೆರಳುತ್ತವೆ, ಕೆರಳಿಕೆ ಸ್ವಲ್ಪ ದೂರ ಹರಿದು ನಿಲ್ಲುತ್ತದೆ. ಅಲೆ ಹಾದುಹೋದ ಜಾಗ ಒಂದೆರಡು ನಿಮಿಷ ತೆಪ್ಪಗಿರುತ್ತದೆ. ನಂತರ ಬೇರೆಲ್ಲೋ ಇನ್ನೊಂದು ಅಲೆ ಏಳುತ್ತದೆ. ಇದರಿಂದ ಮೆದುಳಿಗೆ ಸಿಗುವ ಸುಳಿವು ಇಷ್ಟು: ಒಟ್ಟೊಟ್ಟಿಗೆ ಮಿಡಿದ ತಂತುಗಳು ರೆಟಿನಾದಲ್ಲಿ ನೆರೆಹೊರೆಯವು. ಎರಡು ಕಣ್ಣುಗಳ ಅಲೆಗಳಿಗೆ ತಾಳ ಹೊಂದುವುದಿಲ್ಲವಾದ್ದರಿಂದ, ಬೇರೆ ಬೇರೆ ಹೊತ್ತಿಗೆ ಮಿಡಿಯುವವು ಬೇರೆ ಕಣ್ಣಿನವು. ಮೊದಮೊದಲು ಕಲಸಿಕೊಂಡಿದ್ದ ಎರಡು ಕಣ್ಣುಗಳ ತಂತುಗಳು ಹೀಗೆ ಆ ನಿಲ್ದಾಣದಲ್ಲಿ ಬೇರೆ ಬೇರೆ ಪದರಗಳಾಗುತ್ತವೆ. ಮನುಷ್ಯರಲ್ಲಿ ಆರು ಪದರ, ಕಣ್ಣಿಗೆ ಮೂರರಂತೆ. ಬೆಕ್ಕಿನ ಭ್ರೂಣದಲ್ಲಿ ಮಿಡಿತವನ್ನೇ ಔಷಧದಿಂದ ನಿಲ್ಲಿಸಿದಾಗ ಈ ವಿಂಗಡಣೆ ಕೆಟ್ಟಿತು.

ತಾಯಿ ಏನು ಓದಿದಳು, ಎಷ್ಟು ಕೆಲಸ ಮಾಡಿದಳು ಎಂಬುದರಿಂದ ಈ ಅಲೆಗಳು ಹುಟ್ಟುವುದಿಲ್ಲ. ಹೊಟ್ಟೆಯ ಮೇಲೆ ಟಾರ್ಚ್ ಹಿಡಿದರೆ ಮಗುವಿನ ದೃಷ್ಟಿ ಚುರುಕಾಗುತ್ತದೆ ಎಂಬ ಮಾತಿಗೂ ಬುಡವಿಲ್ಲ. ನಿಮ್ಮ ಮಗಳ ತೊಂದರೆ ಈ ಹಂತದ್ದೂ ಅಲ್ಲ. ಅವಳ ಎಡಗಣ್ಣಿನ ಗುಡ್ಡೆ ಬಲಗಣ್ಣಿನದ್ದಕ್ಕಿಂತ ಒಂದಿಷ್ಟು ಗಿಡ್ಡ, ಪ್ಲಸ್ ಪವರ್‌ಗೆ ಸಾಮಾನ್ಯವಾಗಿ ಕಾರಣ ಅದೇ. ಇದು ಬಹುಮಟ್ಟಿಗೆ ಮನೆತನದಲ್ಲಿ ಹರಿದು ಬರುವಂಥದ್ದು, ತಂದೆಯ ಕಣ್ಣೂ ಅದೇ ಕಡೆಗೆ ಬೆರಳು ತೋರಿಸುತ್ತಿದೆ.

ಹುಟ್ಟಿದ ಮೇಲೆ ಅಲೆಗಳ ಜಾಗಕ್ಕೆ ನಿಜವಾದ ನೋಟ ಬರುತ್ತದೆ. ಕಾರ್ಟೆಕ್ಸ್‌ನಲ್ಲಿ ಎರಡು ಕಣ್ಣುಗಳ ತಂತುಗಳು ಒಂದೇ ನೆರೆಯ ಕೋಶಗಳಿಗಾಗಿ ಪೈಪೋಟಿ ನಡೆಸುತ್ತವೆ. 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಕೆಲವು ವಾರ ಬಿಟ್ಟರು. ತೆರೆದು ನೋಡಿದರೆ ಕಣ್ಣು ಆರೋಗ್ಯವಾಗಿತ್ತು, ಕಾರ್ಟೆಕ್ಸ್‌ನ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಇನ್ನೊಂದು ಕಣ್ಣಿನ ಪಾಲಾಗಿದ್ದವು. ನಾಲ್ಕೈದು ವಾರದ ಮರಿಗೆ ಮೂರು-ನಾಲ್ಕು ದಿನ ಮುಚ್ಚಿದರೂ ಸಾಕಿತ್ತು. ಬೆಳೆದ ಬೆಕ್ಕಿಗೆ ತಿಂಗಳುಗಟ್ಟಲೆ ಮುಚ್ಚಿದರೂ ಏನೂ ಆಗಲಿಲ್ಲ. ಈ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಂತು. ಆದರೆ ನಿಮಗೆ ಮುಖ್ಯವಾದದ್ದು ಅವರ ಇನ್ನೊಂದು ಪ್ರಯೋಗ. ಎರಡೂ ಕಣ್ಣುಗಳನ್ನು ಒಟ್ಟಿಗೆ ಮುಚ್ಚಿದಾಗ, ಒಂದನ್ನೇ ಮುಚ್ಚಿದಾಗಿನಷ್ಟು ಕೋಶಗಳು ಕೈತಪ್ಪಲಿಲ್ಲ. ಬರೀ ಬಳಕೆಯಿಲ್ಲದ್ದೇ ಕಾರಣವಾಗಿದ್ದರೆ ಎರಡೂ ಕಣ್ಣುಗಳಿಗೆ ಅಷ್ಟೇ ನಷ್ಟ ಆಗಬೇಕಿತ್ತು. ಆಗಲಿಲ್ಲ, ಏಕೆಂದರೆ ಜಾಗ ಕಸಿಯಲು ಎದುರಾಳಿಯೇ ಇರಲಿಲ್ಲ.

ಇನ್ನೂ ವಿಚಿತ್ರವಾದ ಸಂಗತಿ 1999ರಲ್ಲಿ ಬೆಳಕಿಗೆ ಬಂತು. ಮರಿಗಳ ಒಂದು ಕಣ್ಣನ್ನು ರೆಪ್ಪೆ ಹೊಲಿದು ಮಸುಕು ಮಾಡಿದಾಗ ಆದ ಹಾನಿ, ಅದೇ ಕಣ್ಣಿನ ಮಿಡಿತವನ್ನು ಔಷಧದಿಂದ ಪೂರ್ತಿ ಅಡಗಿಸಿದಾಗ ಆದದ್ದಕ್ಕಿಂತ ಹೆಚ್ಚು. ಸದ್ದಿಲ್ಲದ ಕಣ್ಣಿಗಿಂತ ಗೊಂದಲದ ಸದ್ದು ಮಾಡುವ ಕಣ್ಣು ಬೇಗ ಸೋಲುತ್ತದೆ. ಒಟ್ಟಿಗೆ ಮಿಡಿದವು ಬೆಸೆದುಕೊಳ್ಳುತ್ತವೆ ಎಂಬ ಮಾತನ್ನು ನೀವು ಕೇಳಿರಬಹುದು. ಅದರ ಉಳಿದರ್ಧವನ್ನು ಜನ ಮರೆಯುತ್ತಾರೆ: ತಾಳ ತಪ್ಪಿ ಮಿಡಿದ ಸಿನಾಪ್ಸ್ (ಎರಡು ನರಕೋಶಗಳ ನಡುವಿನ ಕೊಂಡಿ) ಸುಮ್ಮನೆ ಬಿದ್ದಿರುವುದಿಲ್ಲ, ಪ್ರತಿ ಸಲವೂ ಚೂರು ಚೂರು ಸಡಿಲವಾಗುತ್ತದೆ.

ಈಗ ನಿಮ್ಮ ಮಗಳ ಕಣ್ಣಿಗೆ ಬನ್ನಿ. ಪ್ಲಸ್ ಪವರ್ ಇರುವ ಮಗು ಕಣ್ಣೊಳಗಿನ ಮಸೂರವನ್ನು ಉಬ್ಬಿಸಿ ನೋಟವನ್ನು ಸ್ಪಷ್ಟ ಮಾಡಿಕೊಳ್ಳುತ್ತದೆ. ಆದರೆ ಮೆದುಳು ಎರಡೂ ಮಸೂರಗಳಿಗೆ ಒಂದೇ ಆಜ್ಞೆ ಕೊಡುತ್ತದೆ, ಒಂದನ್ನು ಒಂದು ಪಾಲು, ಇನ್ನೊಂದನ್ನು ಐದು ಪಾಲು ಉಬ್ಬಿಸಲು ಬರುವುದಿಲ್ಲ. ಕಡಿಮೆ ಶ್ರಮದ ಬಲಗಣ್ಣಿಗೆ ಸರಿಹೊಂದುವಷ್ಟಕ್ಕೆ ಅದು ನಿಲ್ಲಿಸುತ್ತದೆ. ಆಗ ಎಡಗಣ್ಣಿನ ಚಿತ್ರ ಯಾವಾಗಲೂ 4 ಡಯಾಪ್ಟರ್ (ಪವರ್ ಅಳೆಯುವ ಮಾನ) ಮಸುಕು, ಕೈಯಲ್ಲಿನ ಪುಸ್ತಕವಿರಲಿ, ದೂರದ ಮರವಿರಲಿ. ಒಂದು ಕಣ್ಣು ಮೈನಸ್ 4 ಇದ್ದಿದ್ದರೆ ಅದು ಕನಿಷ್ಠ ಮೂಗಿನ ಹತ್ತಿರದ ವಸ್ತುವನ್ನಾದರೂ ನಿಚ್ಚಳವಾಗಿ ಕಂಡು ಮೆದುಳಿನೊಡನೆ ಸಂಪರ್ಕ ಉಳಿಸಿಕೊಳ್ಳುತ್ತಿತ್ತು. ಪ್ಲಸ್ ಕಣ್ಣಿಗೆ ಆ ಭಾಗ್ಯವಿಲ್ಲ. ಕಣ್ಣು ನೇರವಾಗಿದೆ, ಮಾಲುಗಣ್ಣಿಲ್ಲ, ಬಲಗಣ್ಣಿನಿಂದ ಮಗು ಓಡಿಯಾಡುತ್ತದೆ, ಬಣ್ಣ ಹಚ್ಚುತ್ತದೆ. ಹಾಗಾಗಿ ನಿಮಗೆ ಮೊದಲೇ ಗೊತ್ತಾಗದ್ದರಲ್ಲಿ ಆಶ್ಚರ್ಯವಿಲ್ಲ. ಇದನ್ನೇ ಆಂಬ್ಲಿಯೋಪಿಯಾ ಅಥವಾ ಸೋಮಾರಿ ಕಣ್ಣು ಎನ್ನುವುದು. ಸೋಮಾರಿ ಎಂಬುದು ಕೆಟ್ಟ ಹೆಸರು, ಪಾಪ, ಆ ಕಣ್ಣು ದುಡಿಯುತ್ತಲೇ ಇದೆ.

ಇಲ್ಲಿಂದ ಮೂರು ತಪ್ಪು ತಿಳಿವಳಿಕೆ ಬಿಡಿಸಬಹುದು. ಕಣ್ಣಿನ ಸ್ನಾಯು ದುರ್ಬಲವಾಗಿದೆ, ವ್ಯಾಯಾಮದಿಂದ ಬಲವಾಗುತ್ತದೆ ಎಂಬುದು ಒಂದು. ಗುಡ್ಡೆಯನ್ನು ಮೇಲೆ ಕೆಳಗೆ ತಿರುಗಿಸುವುದರಿಂದ ಈ ತೊಂದರೆಗೆ ಏನೂ ಆಗದು. ಮೆದುಳು ಹುಟ್ಟುವಾಗ ಖಾಲಿ ಸ್ಲೇಟು, ನೋಟವೇ ಎಲ್ಲವನ್ನೂ ಬರೆಯುತ್ತದೆ ಎಂಬುದು ಇನ್ನೊಂದು. ಮಂಗದ ಮರಿಯಲ್ಲಿ ಎರಡು ಕಣ್ಣುಗಳಿಗೆ ಬೇರೆ ಬೇರೆಯಾಗಿ ಸೇರಿದ ಕೋಶಗಳ ಪಟ್ಟಿಗಳು ಹುಟ್ಟುವಾಗಲೇ ಕಾರ್ಟೆಕ್ಸ್‌ನಲ್ಲಿ ಮೂಡಿರುತ್ತವೆ. ನೋಟ ಅವನ್ನು ಉಳಿಸುತ್ತದೆ, ತಿದ್ದುತ್ತದೆ, ಕೆಲವೊಮ್ಮೆ ಕೆಡಿಸುತ್ತದೆ. ಮೂರನೆಯದು, ಎಡಗಣ್ಣಿನ ತಂತಿ ಕಡಿದುಹೋಗಿದೆ ಎಂಬ ಭಯ. ಪವರ್ ವ್ಯತ್ಯಾಸದಿಂದ ಸೋಮಾರಿ ಕಣ್ಣಾಗಿದ್ದ ಒಬ್ಬ ವ್ಯಕ್ತಿಯ ಮೆದುಳನ್ನು ಮರಣಾನಂತರ ಪರೀಕ್ಷಿಸಿದಾಗ ಆ ಕಣ್ಣಿನ ಪಟ್ಟಿಗಳು ಕುಗ್ಗಿರಲಿಲ್ಲ ಎಂದು 1993ರ ಒಂದು ವರದಿ ಹೇಳುತ್ತದೆ. ಒಬ್ಬರ ಮೆದುಳಿನಿಂದ ಎಲ್ಲರ ಬಗ್ಗೆ ತೀರ್ಪು ಕೊಡಲಾಗದು. ಆದರೂ ರೆಪ್ಪೆ ಹೊಲಿದ ಬೆಕ್ಕಿನ ಚಿತ್ರಗಳನ್ನು ನೋಡಿ ನಿಮ್ಮ ಮಗಳಿಗೂ ಅದೇ ಆಗಿದೆ ಎಂದುಕೊಳ್ಳಬೇಕಿಲ್ಲ. ಅವಳಲ್ಲಿ ದಾರಿ ಇದೆ, ಅದರ ಮೇಲೆ ಬರುವ ದನಿ ತಗ್ಗಿದೆ.

ಏಳು ವರ್ಷದ ಗಡುವಿನ ಮಾತು. ಬಾಗಿಲು ಒಂದು ಹುಟ್ಟುಹಬ್ಬದ ದಿನ ದಢಾರನೆ ಮುಚ್ಚುವುದಿಲ್ಲ. ಅದು ತೆರೆಯುವುದೂ ಮುಚ್ಚುವುದೂ ಕಾರ್ಟೆಕ್ಸ್‌ನೊಳಗೆ ತಡೆ ಹಾಕುವ ನರಕೋಶಗಳ ಬೆಳವಣಿಗೆಗೆ ಸೇರಿದ ಕೆಲಸ. ಗಾಬಾ ಎಂಬ ತಡೆ ರಾಸಾಯನಿಕ ಸಾಲದ ಇಲಿಗಳಲ್ಲಿ ಮೆದುಳು ಸುಲಭವಾಗಿ ಬದಲಾಗುವ ಈ ಕಾಲ ಆರಂಭವೇ ಆಗಲಿಲ್ಲ, ಗಾಬಾಕ್ಕೆ ಬಲ ಕೊಡುವ ಡಯಾಜಿಪಾಮ್ ಕೊಟ್ಟಾಗ ಶುರುವಾಯಿತು. ವಯಸ್ಸಾದಂತೆ ಆ ಕೋಶಗಳ ಸುತ್ತ ಬಲೆಯಂಥ ಹೊದಿಕೆ ಕಟ್ಟಿಕೊಂಡು ಬದಲಾವಣೆ ನಿಧಾನವಾಗುತ್ತದೆ. ನಿಧಾನ ಎಂದೇ ಹೇಳುತ್ತಿದ್ದೇನೆ, ನಿಲುಗಡೆ ಅಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 7ರಿಂದ 17 ವರ್ಷದ 507 ಮಕ್ಕಳಿದ್ದರು. 7ರಿಂದ 12ರ ಗುಂಪಿನಲ್ಲಿ ಕನ್ನಡಕದ ಜೊತೆ ಪ್ಯಾಚ್ ಮತ್ತು ಒಳ್ಳೆಯ ಕಣ್ಣನ್ನು ಮಸುಕು ಮಾಡುವ ಹನಿ ಪಡೆದವರಲ್ಲಿ ಶೇ. 53 ಮಂದಿ ಚಾರ್ಟಿನಲ್ಲಿ ಎರಡು ಅಥವಾ ಹೆಚ್ಚು ಸಾಲು ಮುಂದೆ ಹೋದರು, ಬರೀ ಕನ್ನಡಕದವರಲ್ಲಿ ಶೇ. 25. 13 ದಾಟಿದವರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಆದರೆ ಹಿಂದೆಂದೂ ಚಿಕಿತ್ಸೆ ಪಡೆಯದವರಲ್ಲಿ ಶೇ. 47ಕ್ಕೆ ಎದುರು ಶೇ. 20. ಐದು ವರ್ಷದ ನಿಮ್ಮ ಮಗಳಿಗೆ ಸಮಯವಿದೆ. ಆದರೆ ಅದು ಮುಂದೂಡುವುದಕ್ಕಲ್ಲ.

ನಾಲ್ಕು ತಿಂಗಳು ಸುಮ್ಮನೆ ಕಾಯುವುದು ಎಂದು ಬರೆದಿದ್ದೀರಿ. ಆ ನಾಲ್ಕು ತಿಂಗಳು ಕನ್ನಡಕವೇ ಚಿಕಿತ್ಸೆ. ಮಸುಕು ಹೋದ ಕೂಡಲೇ ಎಡಗಣ್ಣಿನ ಮಿಡಿತ ಬಲಗಣ್ಣಿನ ತಾಳಕ್ಕೆ ಸೇರತೊಡಗುತ್ತದೆ, ಸಡಿಲವಾಗಿದ್ದ ಕೊಂಡಿಗಳು ಬಿಗಿಯಾಗುತ್ತವೆ. ಈ ಸುಧಾರಣೆ 16–18 ವಾರಗಳವರೆಗೂ ಮುಂದುವರಿಯುತ್ತದೆ. ಪವರ್ ವ್ಯತ್ಯಾಸದಿಂದ ಮಧ್ಯಮ ಪ್ರಮಾಣದಲ್ಲಿ ದೃಷ್ಟಿ ತಗ್ಗಿದ ಮಕ್ಕಳಲ್ಲಿ ಕಾಲು ಭಾಗದಷ್ಟು ಮಂದಿಗೆ ಕನ್ನಡಕವೊಂದರಲ್ಲೇ ಪೂರ್ತಿ ಸರಿಹೋಗುತ್ತದೆ. 6/36 (ಸರಿಯಾದ ಕಣ್ಣಿಗೆ 36 ಮೀಟರ್ ದೂರದಿಂದ ಕಾಣುವ ಅಕ್ಷರ 6 ಮೀಟರಿನಿಂದಷ್ಟೇ ಕಾಣುವುದು) ಅಂದರೆ ತುಸು ಹೆಚ್ಚೇ ತಗ್ಗಿದೆ, ಆದ್ದರಿಂದ ನಿಮ್ಮ ಮಗಳಿಗೆ ಪ್ಯಾಚ್ ಬೇಕಾಗುವ ಸಾಧ್ಯತೆ ಹೆಚ್ಚು. ಆದರೂ ಕನ್ನಡಕದಲ್ಲೇ ಎರಡು-ಮೂರು ಸಾಲು ಮೇಲೇರಿದರೆ ಪ್ಯಾಚ್ ಶುರುವಾಗುವ ಹೊತ್ತಿಗೆ ಅವಳು ಆ ಕಣ್ಣಿನಿಂದ ಚಿತ್ರಪುಸ್ತಕ ನೋಡಬಲ್ಲಳು. 6/36ರಲ್ಲೇ ಪ್ಯಾಚ್ ಅಂಟಿಸಿದರೆ ಮಗು ಅದನ್ನು ಕಿತ್ತೆಸೆಯುವುದೇ ಹೆಚ್ಚು. ಕನ್ನಡಕ ಮಾತ್ರ ಎದ್ದಾಗಿನಿಂದ ಮಲಗುವವರೆಗೆ ಮೂಗಿನ ಮೇಲಿರಬೇಕು. ಫ್ರೇಮು ಜಾರಿ ಮಗು ಅದರ ಮೇಲಿನಿಂದ ನೋಡುತ್ತಿದ್ದರೆ ಹಾಕಿದ್ದೂ ಹಾಕದಂತೆಯೇ. ಕಿವಿಯ ಹಿಂದೆ ಪಟ್ಟಿ ಕಟ್ಟಿಸಿ. ಪ್ರತಿ ಆರರಿಂದ ಹನ್ನೆರಡು ವಾರಕ್ಕೆ ಪರೀಕ್ಷೆ. ಎರಡು ಭೇಟಿಗಳ ನಡುವೆ ಏರಿಕೆ ನಿಂತಿದೆ ಎಂದು ಕಂಡರೆ ನಾಲ್ಕು ತಿಂಗಳು ತುಂಬುವ ತನಕ ಕಾಯಬೇಕಿಲ್ಲ, ಪ್ಯಾಚ್ ಬಗ್ಗೆ ಕೇಳಿ.

ಪರೀಕ್ಷೆಯ ಬಗ್ಗೆ ಒಂದು ಎಚ್ಚರ. ಸೋಮಾರಿ ಕಣ್ಣಿಗೆ ಒಂಟಿ ಅಕ್ಷರ ಸುಲಭ, ಅಕ್ಕಪಕ್ಕ ಅಕ್ಷರಗಳಿರುವ ಸಾಲು ಕಷ್ಟ. ಅಕ್ಷರಗಳು ಒಂದರೊಳಗೊಂದು ಕಲಸಿದಂತೆ ಕಾಣುತ್ತವೆ. ಒಂದು ಭೇಟಿಯಲ್ಲಿ ಒಂಟಿ ಅಕ್ಷರ, ಮುಂದಿನದರಲ್ಲಿ ಸಾಲು ತೋರಿಸಿದರೆ ದೃಷ್ಟಿ ಇಳಿದಂತೆ ಅನ್ನಿಸುತ್ತದೆ, ಉಲ್ಟಾ ಆದರೆ ಏರಿದಂತೆ. ಪ್ರತಿ ಸಲವೂ ಸಾಲಿನ ಚಾರ್ಟಿನಲ್ಲೇ ನೋಡಿಸಿ.

ಪ್ಯಾಚ್ ಎಂದರೆ ಎಡಗಣ್ಣಿಗೆ ಕಸರತ್ತು ಎಂದುಕೊಳ್ಳಬೇಡಿ. ಅದು ಎದುರಾಳಿಯನ್ನು ಕೆಲ ಹೊತ್ತು ಕಣದಿಂದ ಆಚೆ ಕೂರಿಸುವುದು. ಎಷ್ಟು ಹೊತ್ತು? 6/12ರಿಂದ 6/24ರ ನಡುವೆ ಇರುವ, ಏಳು ವರ್ಷದೊಳಗಿನ ಮಕ್ಕಳಲ್ಲಿ ದಿನಕ್ಕೆ 2 ಗಂಟೆ ಮತ್ತು 6 ಗಂಟೆ ಹೋಲಿಸಿದಾಗ ನಾಲ್ಕು ತಿಂಗಳ ಕೊನೆಗೆ ಫಲಿತಾಂಶ ಒಂದೇ ಬಂತು, ಎರಡೂ ಗುಂಪು ಸರಾಸರಿ 2.4 ಸಾಲು ಏರಿದವು. ಅದಕ್ಕಿಂತ ತಗ್ಗಿದ ಕಣ್ಣಿಗೆ 6 ಗಂಟೆ ಹೇಳುವುದು ರೂಢಿ. ಪ್ಯಾಚ್‌ನಲ್ಲಿ ಗಡಿಯಾರವಿಟ್ಟು ಅಳೆದ ಅಧ್ಯಯನಗಳಲ್ಲಿ ಒಂದು ಸಾಲು ಏರಲು ಸರಾಸರಿ 120 ಗಂಟೆ ಹಿಡಿಯಿತು, ಅಂದರೆ ದಿನಕ್ಕೆ 2 ಗಂಟೆಯಾದರೆ ಎರಡು ತಿಂಗಳು. ಅದೇ ಅಧ್ಯಯನಗಳು ಇನ್ನೊಂದನ್ನೂ ಬಯಲು ಮಾಡಿದವು: ಡಾಕ್ಟರು ಹೇಳಿದ ಗಂಟೆಗಳಲ್ಲಿ ಅರ್ಧದಷ್ಟೇ ನಿಜವಾಗಿ ಕಣ್ಣಿನ ಮೇಲಿರುತ್ತದೆ. ಪ್ಯಾಚ್ ಕೆಲಸ ಮಾಡಲಿಲ್ಲ ಎಂಬ ದೂರಿನಲ್ಲಿ ಬಹುಪಾಲು ಇಲ್ಲೇ ಇರುತ್ತದೆ.

ಅಂಟುವ ಪ್ಯಾಚನ್ನು ನೇರವಾಗಿ ಚರ್ಮಕ್ಕೆ ಹಚ್ಚಿ, ಅದರ ಮೇಲೆ ಕನ್ನಡಕ ಹಾಕಿ. ಗಾಜಿಗೆ ಸಿಕ್ಕಿಸುವ ಬಟ್ಟೆಯ ಪ್ಯಾಚ್‌ನ ಪಕ್ಕದಿಂದ ಇಣುಕುವುದು ಮಕ್ಕಳಿಗೆ ಒಂದೇ ದಿನದಲ್ಲಿ ಕರಗತ. ಮಗು ಮುಖವನ್ನು ಒಂದೇ ಕಡೆ ವಾರೆ ಮಾಡಿ ನೋಡುತ್ತಿದ್ದರೆ ಇಣುಕುತ್ತಿದೆ ಎಂದೇ ತಿಳಿಯಿರಿ. ಚರ್ಮ ಕೆಂಪಾದರೆ ಅಂಟನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಅಂಟಿಸುವ ಕೋನವನ್ನು ದಿನಾ ಬದಲಿಸಿ. ಹತ್ತಿರದ ಕೆಲಸವನ್ನೇ ಮಾಡಿಸಬೇಕೆಂಬ ನಿಯಮವೇನೂ ಇಲ್ಲ, ಹೋಲಿಸಿ ನೋಡಿದಾಗ ಅದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಮಗು ಕೂತು ಮಾಡಲು ಒಪ್ಪುವ ಯಾವುದಾದರೂ ಕೆಲಸ ಸಾಕು. ಮೆಟ್ಟಿಲು, ರಸ್ತೆ, ಸೈಕಲ್ಲು ಮಾತ್ರ ಆ ಹೊತ್ತಿನಲ್ಲಿ ಬೇಡ.

ಪ್ಯಾಚ್‌ಗೆ ಮಗು ಒಪ್ಪದೇ ಹೋದರೆ ಬಲಗಣ್ಣಿಗೆ ಶೇ. 1ರ ಅಟ್ರೋಪಿನ್ ಹನಿ ಇನ್ನೊಂದು ದಾರಿ. ಅದು ಬಲಗಣ್ಣಿನ ಮಸೂರ ಉಬ್ಬುವುದನ್ನು ತಡೆದು ಹತ್ತಿರದ ನೋಟವನ್ನು ಮಸುಕು ಮಾಡುತ್ತದೆ. ಮಧ್ಯಮ ಪ್ರಮಾಣದಲ್ಲಿ ದೃಷ್ಟಿ ತಗ್ಗಿದ ಕಣ್ಣಿಗೆ ವಾರದಲ್ಲಿ ಎರಡು ದಿನ ಹಾಕಿದರೂ ದಿನಾ ಹಾಕಿದಷ್ಟೇ ಫಲ ಸಿಕ್ಕಿದೆ. ಪಾಪೆ ಒಂದೆರಡು ವಾರ ಅಗಲವಾಗೇ ಉಳಿದು ಬಿಸಿಲು ಚುಚ್ಚುತ್ತದೆ, ಟೋಪಿ ಬೇಕು. ಹನಿ ಹಾಕಿದಾಗ ಕಣ್ಣಿನ ಒಳಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಔಷಧ ಮೂಗಿಗಿಳಿದು ರಕ್ತ ಸೇರುವುದು ಕಡಿಮೆಯಾಗುತ್ತದೆ. ಮುಖ ಕೆಂಪೇರಿ ಜ್ವರ ಬಂದರೆ, ಎದೆ ಹೊಡೆದುಕೊಂಡರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಎಂಟು ತಿಂಗಳ ಮಗುವಿರುವ ಮನೆ ನಿಮ್ಮದು. ಆ ಬಾಟಲಿ ಹೊಟ್ಟೆಗೆ ಹೋದರೆ ವಿಷ, ಬೀಗದೊಳಗಿಡಿ.

ಒಳ್ಳೆಯ ಕಣ್ಣು ಕೆಡುವುದಿಲ್ಲವೇ ಎಂಬ ನಿಮ್ಮ ಪ್ರಶ್ನೆ ಸರಿಯಾದದ್ದೇ. ಪೈಪೋಟಿ ಎರಡೂ ಕಡೆ ಕೆಲಸ ಮಾಡುತ್ತದೆ. ಪುಟ್ಟ ಮಕ್ಕಳಿಗೆ ಇಡೀ ದಿನ ಮುಚ್ಚಿದರೆ ಬಲಗಣ್ಣೂ ಹಿಂದೆ ಬೀಳಬಹುದು. ಐದು ವರ್ಷದವಳಿಗೆ ದಿನಕ್ಕೆ ಎರಡು ಗಂಟೆಯಲ್ಲಿ ಅದು ಬಲು ಅಪರೂಪ, ಆಗಿದ್ದರೂ ಪ್ಯಾಚ್ ನಿಲ್ಲಿಸಿದರೆ ಸಾಮಾನ್ಯವಾಗಿ ಮರಳುತ್ತದೆ. ಅದಕ್ಕಾಗಿಯೇ ಪ್ರತಿ ಭೇಟಿಯಲ್ಲೂ ಬಲಗಣ್ಣನ್ನೂ ಅಳೆಯಬೇಕು. ಅಳೆಯದಿದ್ದರೆ ಕೇಳಿ ಅಳೆಸಿ. ಕಣ್ಣು ವಾರೆಯಾದಂತೆ ಕಂಡರೆ, ಎರಡೆರಡು ಕಾಣುತ್ತಿದೆ ಅಂದರೆ ಮುಂದಿನ ತಾರೀಖಿಗೆ ಕಾಯಬೇಡಿ. ಗುರಿ ಮುಟ್ಟಿದ ಮೇಲೆ ದಿಢೀರನೆ ನಿಲ್ಲಿಸುವುದು ಇನ್ನೊಂದು ತಪ್ಪು. ಆರು-ಎಂಟು ಗಂಟೆಯ ಪ್ಯಾಚನ್ನು ಒಮ್ಮೆಲೇ ಬಿಟ್ಟ ಮಕ್ಕಳಲ್ಲಿ ಶೇ. 42 ಮಂದಿಗೆ ಒಂದು ವರ್ಷದೊಳಗೆ ದೃಷ್ಟಿ ಮತ್ತೆ ಇಳಿಯಿತು, ಮೊದಲು ಎರಡು ಗಂಟೆಗೆ ಇಳಿಸಿ ಆಮೇಲೆ ಬಿಟ್ಟವರಲ್ಲಿ ಶೇ. 14. ಕನ್ನಡಕವಂತೂ ಮುಂದುವರಿಯಲೇಬೇಕು.

ಮಗನಿಗೆ ತೋರಿಸುತ್ತಿರುವ ಕಾರ್ಡುಗಳಿಂದ ಹಾನಿಯಿಲ್ಲ, ಎಳೆಗೂಸಿಗೆ ದಟ್ಟ ಕಪ್ಪು-ಬಿಳುಪು ಸುಲಭವಾಗಿ ಕಾಣುತ್ತದೆ ಎಂಬುದೂ ನಿಜ. ಆದರೆ ಅವನ ಒಂದು ಕಣ್ಣಿನ ಪವರ್ ಹೆಚ್ಚಿದ್ದರೆ ಆ ಕಾರ್ಡೂ ಆ ಕಣ್ಣಿಗೆ ಮಸುಕಾಗಿಯೇ ಬೀಳುತ್ತದೆ. ಅವನಿಗೆ ಬೇಕಾದದ್ದು ಈಗಲೇ ಹನಿ ಹಾಕಿ ಎರಡೂ ಕಣ್ಣುಗಳ ಪವರ್ ನೋಡಿಸುವುದು. ಅಕ್ಷರ ಗುರುತಿಸಬೇಕಾಗಿಲ್ಲ, ಪಾಪೆಯೊಳಕ್ಕೆ ಬೆಳಕು ಬಿಟ್ಟು ಅದು ಹೊರಳುವ ರೀತಿಯಿಂದಲೇ ಅಳೆಯುತ್ತಾರೆ. ಎರಡೂ ಸಮ ಇದ್ದರೆ ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು. ಮನೆಯಲ್ಲಿ ಆಟವಾಡಿಸುತ್ತಾ ಒಂದು ಕಣ್ಣನ್ನು ಅಂಗೈಯಿಂದ ಮರೆ ಮಾಡಿ, ಆಮೇಲೆ ಇನ್ನೊಂದನ್ನು. ಒಂದನ್ನು ಮುಚ್ಚಿದಾಗ ಮಾತ್ರ ಕೈ ತಳ್ಳಿ ರಚ್ಚೆ ಹಿಡಿದರೆ, ಅದು ಹೇಳುವಂಥ ಲಕ್ಷಣ. ಫೋಟೋದಲ್ಲಿ ಪಾಪೆ ಬೆಳ್ಳಗೆ ಕಂಡರೆ ಅದೇ ವಾರ ತೋರಿಸಿ. ಹುಟ್ಟಿನಿಂದಲೇ ಒಂದು ಕಣ್ಣಿಗೆ ದಟ್ಟ ಪೊರೆಯಿದ್ದರೆ ಸುಮಾರು ಆರು ವಾರದೊಳಗೆ ತೆಗೆಯಬೇಕೆನ್ನುತ್ತೇವೆ. ಗಡುವು ನಿಜಕ್ಕೂ ಬಿಗಿಯಾಗಿರುವುದು ಅಲ್ಲಿ.

ಮಕ್ಕಳ ತಂದೆಗೆ ನೇರವಾಗಿಯೇ ಹೇಳಬೇಕು. ನರಕೋಶಗಳ ಸುತ್ತಲಿನ ಬಲೆಯಂಥ ಆ ಹೊದಿಕೆಯನ್ನು ಕಿಣ್ವದಿಂದ ಕರಗಿಸಿ, ಇಲ್ಲವೇ ಕತ್ತಲಲ್ಲಿ ಹತ್ತು ದಿನ ಇರಿಸಿ, ಬೆಳೆದ ಇಲಿಗಳಲ್ಲಿ ಬದಲಾಗುವ ಗುಣವನ್ನು ಮರಳಿಸಿದ್ದಾರೆ. ಇವು ಮನುಷ್ಯರ ಚಿಕಿತ್ಸೆಗಳಲ್ಲ, ಕತ್ತಲ ಕೋಣೆಯ ಪ್ರಯೋಗ ಮನೆಯಲ್ಲಿ ಬೇಡ. ಕಂಪ್ಯೂಟರ್ ಮುಂದೆ ತಿಂಗಳುಗಟ್ಟಲೆ ತರಬೇತಿ ಪಡೆದ ವಯಸ್ಕರಲ್ಲಿ ಕೆಲವರು ಒಂದೆರಡು ಸಾಲು ಏರುವುದುಂಟು. ಆದರೆ ಮೆದುಳು ಅದುಮಿಟ್ಟಿದ್ದ ಚಿತ್ರ ಮೇಲೆದ್ದು ಎರಡೆರಡು ಕಾಣಲು ಶುರುವಾದರೆ ಅದನ್ನು ಮತ್ತೆ ಅಡಗಿಸುವುದು ಕಷ್ಟ. ಶುರು ಮಾಡುವ ಮೊದಲು ಈ ಅಪಾಯವನ್ನು ಅಳೆಯಬಲ್ಲ ಡಾಕ್ಟರನ್ನು ನೋಡಲಿ. ಮೊದಲು ಮಂದ ಕಣ್ಣಿಗೂ ಸರಿಯಾದ ಪವರ್‌ನ ಕನ್ನಡಕ ಹಾಕಿ ಕೆಲವು ತಿಂಗಳು ನೋಡಲಿ, ಕೆಲವರಿಗೆ ಅಷ್ಟರಲ್ಲೇ ತುಸು ಸುಧಾರಿಸುತ್ತದೆ. ಗಾಜು ಪಾಲಿಕಾರ್ಬೊನೇಟ್‌ನದ್ದಿರಲಿ, ಆಟವಾಡುವಾಗ, ಸುತ್ತಿಗೆ ಡ್ರಿಲ್ ಹಿಡಿದಾಗ ಅದನ್ನು ತೆಗೆಯದಿರಲಿ. ಅವರ ಓದು, ವಾಹನ, ಉದ್ಯೋಗ ಎಲ್ಲವೂ ನಿಂತಿರುವುದು ಇನ್ನೊಂದು ಕಣ್ಣಿನ ಮೇಲೆ. ಮಗಳ ಕನ್ನಡಕಕ್ಕೂ ಅದೇ ಗಾಜು ಹಾಕಿಸಿ.